ಎಡಗೈ ಪಟ್ಟೆ ಬಲಗೈಗೆ ಬಂದಾಗ

ಜನವರಿ ಮೊದಲ ವಾರ, ರಾತ್ರಿ ಹನ್ನೊಂದು ಗಂಟೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಾವು ಬಾಡಿಗೆಗಿರುವ ಮನೆಯ ಗ್ಯಾರೇಜಿನಲ್ಲಿ ಆರಡಿ ಎತ್ತರದ ಕತ್ತೆಕಿರುಬವೊಂದು ಎರಡು ಕಾಲಿನ ಮೇಲೆ ನಿಂತಿತ್ತು. ಮೈತುಂಬ ಬೂದು ತುಪ್ಪಳ, ಕಪ್ಪು ಚುಕ್ಕೆ, ದೊಡ್ಡ ಕಿವಿ, ಒಂದು ತೋಳಿನಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುತ್ತಿಕೊಂಡ ನೀಲಿ ಪಟ್ಟೆ. ಇನ್ನು ಒಂಬತ್ತು ದಿನಕ್ಕೆ ಅದರ ಮಾಲೀಕ ಟೆಕ್ಸಾಸ್‌ನಿಂದ ವಿಮಾನದಲ್ಲಿ ಬಂದು ತಗೊಂಡು ಹೋಗಬೇಕು. ಏಳು ವಾರದ ಕೆಲಸ ಮುಗಿಸಿದ ನನ್ನ ಹೌಸ್‌ಮೇಟ್ ಕಾಲು ಚಾಚಿ ನೆಲದ ಮೇಲೆ ಕೂತಿದ್ದಳು. ಕೊನೆಯ ಫೋಟೊ ತೆಗೆಯೋದು ಯಾವಾಗಲೂ ನನ್ನ ಕೆಲಸ. ಪಕ್ಕದ ಲ್ಯಾಪ್‌ಟಾಪಿನಲ್ಲಿ ಗ್ರಾಹಕ ಕಳಿಸಿದ್ದ ಮೂಲ ಚಿತ್ರ ತೆರೆದಿತ್ತು.

"ಪಟ್ಟೆ ಎಡಗೈಗೆ ಬರಬೇಕಿತ್ತಲ್ವಾ?" ಅಂದೆ.

ಅವಳು ಎದ್ದು ಬಂದು ಚಿತ್ರ ನೋಡಿದಳು. ಕತ್ತೆಕಿರುಬವನ್ನು ನೋಡಿದಳು. ಮತ್ತೆ ಚಿತ್ರ ನೋಡಿದಳು. ಆಮೇಲೆ ಒಂದು ಮಾತೂ ಆಡದೆ ಗ್ಯಾರೇಜಿನ ದೀಪ ಆರಿಸಿ ಒಳಗೆ ಹೋದಳು.

ಇದು ಫರ್‌ಸೂಟ್ ಅನ್ನೋ ವೇಷದ ಕಥೆ. ಕೇಳದವರಿಗೆ ಸ್ವಲ್ಪ ವಿವರಿಸಬೇಕು. ನನ್ನಮ್ಮನಿಗೂ ವಿವರಿಸಬೇಕಾಯ್ತು. ವಿಡಿಯೊ ಕಾಲ್‌ನಲ್ಲಿ ನನ್ನ ಬೆನ್ನ ಹಿಂದಿನ ಕಪಾಟು ಕಂಡು, "ಅದೆಂತದು ಹಿಂದೆ, ನರಿ ತಲೆಯಾ?" ಅಂತ ಕೇಳಿದ್ದರು. ಉಡುಪಿ ಕಡೆಯವರಾದ್ದರಿಂದ ಅವರಿಗೆ ಬೇಗ ಅರ್ಥವಾಯ್ತು. "ಓ, ನಮ್ಮ ಹುಲಿವೇಷದ ಹಾಗೆ" ಅಂದರು. ಪೂರ್ತಿ ಹಾಗಲ್ಲ. ಹುಲಿವೇಷದಲ್ಲಿ ಮೈಗೆ ಬಣ್ಣ ಬಳಿದರೆ, ಇಲ್ಲಿ ಕೃತಕ ತುಪ್ಪಳದ ಬಟ್ಟೆಯಿಂದ ಹೊಲಿದ ಪೂರ್ತಿ ಮೈಯನ್ನೇ ಹಾಕಿಕೊಳ್ಳುತ್ತಾರೆ. ಮತ್ತೆ ಅಲ್ಲಿ ಎಲ್ಲರೂ ಹುಲಿ. ಇಲ್ಲಿ ಒಬ್ಬೊಬ್ಬರದ್ದು ಒಂದೊಂದು ಪಾತ್ರ.

ಮನುಷ್ಯರ ಹಾಗೆ ಮಾತಾಡುವ, ಎರಡು ಕಾಲಲ್ಲಿ ನಡೆಯುವ ಪ್ರಾಣಿಪಾತ್ರಗಳ ಮೇಲೆ ಅಕ್ಕರೆ ಇರುವವರು ತಮ್ಮನ್ನು ಫರ್ರಿ ಅಂತ ಕರೆದುಕೊಳ್ಳುತ್ತಾರೆ. ಅಮೆರಿಕ, ಯುರೋಪಿನಲ್ಲಿ ಇವರ ದೊಡ್ಡ ದೊಡ್ಡ ಸಮಾವೇಶಗಳು ನಡೆಯುತ್ತವೆ. ಆಂಥ್ರೋಕಾನ್ 2006ರಿಂದ ಪಿಟ್ಸ್‌ಬರ್ಗ್‌ನಲ್ಲಿ ಸೇರುತ್ತಿದೆ. ನಮ್ಮೂರಿನ ಫರ್ದರ್ ಕನ್ಫ್ಯೂಷನ್ 1999ರಲ್ಲಿ ಶುರುವಾದದ್ದು, ಜನವರಿಯಲ್ಲಿ ಬರುತ್ತದೆ. ಪ್ರತಿಯೊಬ್ಬರೂ ತಮ್ಮದೇ ಒಂದು ಪಾತ್ರ ಕಟ್ಟಿಕೊಂಡಿರುತ್ತಾರೆ: ಹಸಿರು ಬಾಲದ ತೋಳ, ಕನ್ನಡಕದ ಮುಂಗುಸಿ, ಹೀಗೆ. ಸೂಟ್ ಇರುವವರು ಕಡಿಮೆ, ಇಲ್ಲದವರೇ ಹೆಚ್ಚು. ಕಾರಣ ಬೆಲೆ. ತಲೆಯಿಂದ ಕಾಲಿನವರೆಗೆ ಪೂರ್ತಿ ಸೂಟ್ ಅಂದರೆ ಕೆಲವು ಸಾವಿರ ಡಾಲರ್. ಹೆಸರು ಮಾಡಿದವರು ಹೊಲಿದುಕೊಟ್ಟರೆ ಒಳ್ಳೆ ಹಳೆ ಕಾರಿನ ಬೆಲೆ.

ಹೊಲಿಯುವವರು ಕಂಪನಿಗಳಲ್ಲ. ಹೆಚ್ಚಾಗಿ ಒಬ್ಬರೇ, ಇಲ್ಲಾ ಗಂಡ ಹೆಂಡತಿ. ಗ್ಯಾರೇಜಿನಲ್ಲೋ ಮಲಗುವ ಕೋಣೆಯ ಮೂಲೆಯಲ್ಲೋ ಒಂದು ಹೊಲಿಗೆ ಮಷಿನ್, ಒಂದು ಗ್ಲೂ ಗನ್, ನಾಯಿಗೆ ಕೂದಲು ಕತ್ತರಿಸುವ ಕ್ಲಿಪ್ಪರ್. ನನ್ನ ಹೌಸ್‌ಮೇಟ್‌ಗೆ ಇದೇ ಉದ್ಯೋಗ, ವರ್ಷಕ್ಕೆ ಆರೇಳು ಸೂಟ್. ಅವಳ ಲೆಕ್ಕಪತ್ರದ ಶೀಟ್ ಮತ್ತು ಕ್ಯೂ ನೋಡಿಕೊಳ್ಳುವ ಬೋರ್ಡ್ ಮಾಡಿಕೊಟ್ಟವಳು ನಾನು. ಅದರ ಬದಲಿಗೆ ಗ್ಯಾಸ್ ಬಿಲ್ ಅವಳದು. ಹಾಗಾಗಿ ಮೂರು ವರ್ಷದಿಂದ ಅವಳಿಗೆ ಬರುವ ಮೇಲ್‌ಗಳು, ಜಗಳಗಳು, ರಾತ್ರಿ ನಿದ್ದೆಗೆಟ್ಟು ಕೂರೋದು ಎಲ್ಲಾ ನೋಡ್ತಾ ಬಂದಿದ್ದೇನೆ.

ತಪ್ಪು ಎಲ್ಲಿ ನುಸುಳುತ್ತೆ

ನಮ್ಮಲ್ಲಿ ಟೈಲರ್‌ಗೆ ಅಳತೆ ಬ್ಲೌಸ್ ಕೊಡ್ತೀವಲ್ಲ, ಇಲ್ಲಿ ಅಳತೆ ಮೈಯನ್ನೇ ಕೊಡಬೇಕು. ಗ್ರಾಹಕ ಹಳೆ ಬಟ್ಟೆ ಹಾಕಿಕೊಂಡು ನಿಲ್ಲುತ್ತಾನೆ. ಗೆಳೆಯರು ಅವನ ಮೈತುಂಬ ಡಕ್ಟ್ ಟೇಪ್ ಸುತ್ತುತ್ತಾರೆ. ಬೆನ್ನ ಮೇಲೆ ಕತ್ತರಿಯಿಂದ ಸೀಳಿ, ಅವನನ್ನು ಹೊರಗೆ ತೆಗೆದು, ಆ ಚಿಪ್ಪನ್ನು ಮಡಿಚಿ ಪೋಸ್ಟ್ ಮಾಡುತ್ತಾರೆ. ಇದಕ್ಕೆ ಡಕ್ಟ್ ಟೇಪ್ ಡಮ್ಮಿ ಅಂತ ಹೆಸರು. ತಪ್ಪು ಇಲ್ಲಿಂದಲೇ ಶುರು. ಉಸಿರು ಬಿಗಿಹಿಡಿದು ನಿಂತರೆ ಹೊಟ್ಟೆ ಎರಡಿಂಚು ಕಡಿಮೆ ಬರುತ್ತೆ. ಮಂಡಿ ಬಗ್ಗಿಸಿ ನಿಂತರೆ ಕಾಲು ಗಿಡ್ಡ. ಟೇಪ್ ಬಿಗಿಯಾಗಿ ಎಳೆದರೆ ಸೂಟ್ ಹಾಕಿಕೊಂಡು ಕೂರೋಕೇ ಆಗಲ್ಲ. ಡಮ್ಮಿ ಮಾಡಿಸಿ ಒಂದು ವರ್ಷಕ್ಕೆ ಸರದಿ ಬರುವಷ್ಟರಲ್ಲಿ ಮೈ ದಪ್ಪ ಆಗಿರೋದೂ ಉಂಟು. ಆಗ ಇದು ಯಾರ ತಪ್ಪು?

ಎರಡನೆಯದು ಚಿತ್ರ. ಗ್ರಾಹಕ ತನ್ನ ಪಾತ್ರದ ರೆಫರೆನ್ಸ್ ಶೀಟ್ ಕಳಿಸುತ್ತಾನೆ, ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ನೋಡಿದ ಹಾಗೆ. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಕ್ಕೆ ಲಕ್ಷಾಂತರ ಬಣ್ಣ ಸಿಗುತ್ತೆ. ತುಪ್ಪಳದ ಬಟ್ಟೆ ಮಾರುವ ಅಂಗಡಿಯಲ್ಲಿ ಸಿಗೋದು ಕೆಲವೇ ಡಜನ್. ಅದರಲ್ಲೂ ಒಂದೇ ಹೆಸರಿನ ಬೂದು ಬಣ್ಣ ಈ ಬ್ಯಾಚಿನಲ್ಲಿ ಒಂದು ಥರ, ಮುಂದಿನ ಬ್ಯಾಚಿನಲ್ಲಿ ಇನ್ನೊಂದು ಥರ. ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಹುಡುಕಿ ಅಲೆದವರಿಗೆ ಈ ಕಷ್ಟ ಗೊತ್ತಿರುತ್ತೆ. ಅದಕ್ಕೇ ಅವಳು ಫೋನಿನ ಪರದೆಯನ್ನು ನಂಬಲ್ಲ. ಬಟ್ಟೆಯ ಚೂರುಗಳನ್ನು ಅಂಚೆಯಲ್ಲಿ ಕಳಿಸಿ, ಬಿಸಿಲಿನಲ್ಲಿ ನೋಡಿ ಒಪ್ಪಿಗೆ ಕೊಡಿ ಅಂತಾಳೆ.

ಇನ್ನು ತುಪ್ಪಳದ ಸ್ವಭಾವ. ಅದಕ್ಕೊಂದು ದಿಕ್ಕಿದೆ, ಬೆಕ್ಕಿನ ಬೆನ್ನು ಸವರಿದ ಹಾಗೆ. ಒಂದು ತುಂಡನ್ನು ತಲೆಕೆಳಗಾಗಿ ಕತ್ತರಿಸಿದರೆ ಬೆಳಕಿನಲ್ಲಿ ಅದೊಂದೇ ಬೇರೆ ಬಣ್ಣದ ಹಾಗೆ ಕಾಣುತ್ತೆ. ಮುಖದ ತುಪ್ಪಳವನ್ನು ಕ್ಲಿಪ್ಪರ್‌ನಿಂದ ತಗ್ಗಿಸುವಾಗ ಕೈ ಒಂದು ಸಲ ಜಾರಿದರೆ ಬೋಳು. ಅಲ್ಲಿ ಅನ್‌ಡೂ ಬಟನ್ ಇಲ್ಲ. ತಲೆಯ ಫೋಮಿಗೆ ಬಿಸಿ ಗೋಂದಿನಿಂದ ಅಂಟಿಸಿದ ಬಟ್ಟೆ ಕಿತ್ತರೆ ಫೋಮೂ ಕಿತ್ತು ಬರುತ್ತೆ. ಇದೆಲ್ಲಾ ನೋಡಿದ ಮೇಲೆ ನನ್ನ ಕೆಲಸದಲ್ಲಿ ಬರುವ ಬಗ್‌ಗಳ ಬಗ್ಗೆ ಗೊಣಗೋದು ಕಡಿಮೆ ಮಾಡಿದ್ದೇನೆ.

ಕತ್ತೆಕಿರುಬದ ತಪ್ಪು ನಡೆದದ್ದು ಹೀಗೆ. ಡಮ್ಮಿಯ ಮೇಲೆ ಮಾರ್ಕರ್‌ನಿಂದ ಚುಕ್ಕೆ, ಪಟ್ಟೆ ಎಲ್ಲಾ ಬರೆದು, ಅದನ್ನು ತುಂಡು ತುಂಡಾಗಿ ಕತ್ತರಿಸಿ, ಆ ತುಂಡುಗಳನ್ನು ತುಪ್ಪಳದ ಬಟ್ಟೆಯ ಹಿಂಬದಿಯ ಮೇಲಿಟ್ಟು ಗೆರೆ ಎಳೆಯುತ್ತಾರೆ. ಆಗ ಬರೆದ ಮುಖ ಕೆಳಗೆ ಬರಬೇಕು. ಬರೆದ ಮುಖ ಮೇಲೆ ಬಂದರೆ ಎಲ್ಲಾ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು. ಎರಡೂ ಕೈ ಒಂದೇ ಥರ ಇರುವ ಪಾತ್ರವಾಗಿದ್ದರೆ ಗೊತ್ತೇ ಆಗ್ತಿರಲಿಲ್ಲ. ಚುಕ್ಕೆಗಳು ಅತ್ತಿಂದಿತ್ತ ಆದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಪಟ್ಟೆ ಒಂದೇ ಸಿಕ್ಕಿಹಾಕಿಸಿದ್ದು.

ಯಾವುದು ತಪ್ಪು, ಯಾವುದು ಅಲ್ಲ

ಗ್ರಾಹಕರ ದೂರುಗಳೆಲ್ಲಾ ಇಷ್ಟು ಸ್ಪಷ್ಟವಾಗಿರಲ್ಲ. "ಇನ್ನೂ ಸ್ವಲ್ಪ ಮುದ್ದಾಗಿರಬೇಕಿತ್ತು" ಅನ್ನೋ ಮೇಲ್‌ಗೆ ಏನಂತ ಉತ್ತರ ಬರೆಯೋದು? ಎರಡು ವರ್ಷ ಹಣ ಕೂಡಿಟ್ಟು, ಒಂದು ವರ್ಷ ಕ್ಯೂನಲ್ಲಿ ಕಾದು, ರಾತ್ರಿ ಕಣ್ಣು ಮುಚ್ಚಿದಾಗಲೆಲ್ಲಾ ನೋಡಿದ ಮುಖ ಅದು. ಪೆಟ್ಟಿಗೆ ತೆರೆದಾಗ ಬೇರೆ ಯಾರೋ ನೋಡುತ್ತಿದ್ದಾರೆ ಅನಿಸಿದರೆ ಬೇಜಾರಾಗೋದು ಸಹಜ. ಆದರೆ ಹೊಲಿದವಳ ದೃಷ್ಟಿಯಿಂದ ಎಲ್ಲಾ ಸರಿಯಾಗಿದೆ. ಕಾಗದದ ಚಪ್ಪಟೆ ಮುಖಕ್ಕೆ ಮೂಗು, ಕೆನ್ನೆ ಬರಿಸುವಾಗ ಅವಳು ಒಂದಷ್ಟು ತೀರ್ಮಾನ ತಗೊಳ್ಳಲೇಬೇಕು.

ಇದಕ್ಕೆ ಅವಳು ಕಂಡುಕೊಂಡ ದಾರಿ, ಬರೀ ಫೋಮಿನ ತಲೆ ಸಿದ್ಧವಾದಾಗಲೇ ನಾಲ್ಕು ಕಡೆಯಿಂದ ಫೋಟೊ ಕಳಿಸೋದು. ನೋಡೋಕೆ ಅದು ಭಯಂಕರವಾಗಿರುತ್ತೆ, ಹಳದಿ ಸ್ಪಂಜಿನ ತಲೆಬುರುಡೆ. ಆ ಹಂತದಲ್ಲಿ ಕೆನ್ನೆ ತಗ್ಗಿಸೋಕೆ ಕತ್ತರಿಯಿಂದ ಹತ್ತು ನಿಮಿಷ ಸಾಕು, ದುಡ್ಡು ಕೊಡಬೇಕಿಲ್ಲ. ತುಪ್ಪಳ ಅಂಟಿಸಿದ ಮೇಲೆ ಅದೇ ಕೆಲಸಕ್ಕೆ ಎರಡು ದಿನ, ದುಡ್ಡೂ ಬೇರೆ. ಗ್ರಾಹಕರು ಹೆಚ್ಚಾಗಿ "ಚೆನ್ನಾಗಿದೆ, ಮುಂದುವರಿಸಿ" ಅಂತ ಬರೆದುಬಿಡುತ್ತಾರೆ. ಹೊಲಿಯುವವಳಿಗೆ ಬೇಜಾರು ಮಾಡಬಾರದು ಅನ್ನೋ ಸಂಕೋಚ. ನಮ್ಮ ಪ್ರಾಜೆಕ್ಟ್ ಡೆಮೊಗಳಲ್ಲೂ ಇದೇ ನಡೆಯೋದು. ತಲೆಯಾಡಿಸಿ ಎದ್ದು ಹೋದವರು ರಿಲೀಸಿನ ಹಿಂದಿನ ದಿನ ಬಾಯಿ ಬಿಡುತ್ತಾರೆ. ಈಗ ಅವಳು "ಸರಿ ಇದೆಯಾ" ಅಂತ ಕೇಳೋದು ಬಿಟ್ಟಿದ್ದಾಳೆ. "ಬದಲಾಯಿಸಬೇಕು ಅನಿಸುವ ಒಂದಾದರೂ ಜಾಗ ತೋರಿಸಿ" ಅಂತ ಕೇಳುತ್ತಾಳೆ. ಆಗ ಜನ ಸರಾಗವಾಗಿ ಹೇಳುತ್ತಾರೆ.

ಕೆಲವು ದೂರು ಮಾತ್ರ ದೂರೇ ಅಲ್ಲ ಅಂತ ನನಗೂ ಅನಿಸುತ್ತೆ. ಸೂಟ್ ಒಳಗೆ ಸೆಕೆ. ಕಣ್ಣಿನ ಜಾಗದಲ್ಲಿ ಬಣ್ಣ ಬಳಿದ ಜಾಲರಿ, ಅದರ ಸಣ್ಣ ತೂತುಗಳಿಂದ ಹೊರಗೆ ನೋಡಬೇಕು. ತನ್ನ ಪಾದ ತನಗೇ ಕಾಣಲ್ಲ. ಅದಕ್ಕೇ ಸಮಾವೇಶಗಳಲ್ಲಿ ಸೂಟ್ ಹಾಕಿದವರ ಪಕ್ಕದಲ್ಲಿ ಕೈ ಹಿಡಿದು ನಡೆಸುವ ಗೆಳೆಯರು ಇರುತ್ತಾರೆ. ಮೊದಲ ಸಲ ಕೊಂಡವರಿಗೆ ಇದು ಗೊತ್ತಿರಲ್ಲ, "ಏನೂ ಕಾಣಿಸ್ತಿಲ್ಲ, ಕಣ್ಣು ಸರಿ ಮಾಡಿಕೊಡಿ" ಅಂತ ಬರೆಯುತ್ತಾರೆ. ಒಬ್ಬ ಪುಣ್ಯಾತ್ಮ ಬಾಲವನ್ನು ತಣ್ಣೀರಲ್ಲಿ ತೊಳೆದು ಫ್ಯಾನ್ ಕೆಳಗೆ ಒಣಗಿಸಿ ಅಂತ ಬರೆದುಕೊಟ್ಟಿದ್ದರೂ ಡ್ರೈಯರ್‌ಗೆ ಹಾಕಿದ. ಕೃತಕ ನೂಲು ಬಿಸಿಗೆ ಮುದುಡಿ ಬಾಲ ಪಾತ್ರೆ ತಿಕ್ಕುವ ಬ್ರಷ್ ಆಯ್ತು. ಬಟ್ಟೆಯ ಬೆಲೆ ಮಾತ್ರ ತಗೊಂಡು ಹೊಸ ಬಾಲ ಹೊಲಿದುಕೊಟ್ಟಳು. ನಾನಾಗಿದ್ದರೆ ಕೂಲಿಯನ್ನೂ ಕೇಳ್ತಿದ್ದೆ.

ಮೌನದ ಹನ್ನೊಂದು ವಾರ

ಅವಳು ಮೊದಲಿನಿಂದಲೂ ಹೀಗಿರಲಿಲ್ಲ. ನಾನು ಈ ಮನೆಗೆ ಬರುವ ಮೊದಲು ಒಂದು ಚಳಿಗಾಲದಲ್ಲಿ ಅವಳ ಮಣಿಕಟ್ಟು ಕೈಕೊಟ್ಟಿತ್ತು. ಫೋಮ್ ಕತ್ತರಿಸಿ ಕತ್ತರಿಸಿ ಈ ಕೆಲಸದವರಿಗೆ ಸಾಮಾನ್ಯವಾಗಿ ಬರುವ ನೋವು. ಐದು ಜನರ ಮುಂಗಡ ಬ್ಯಾಂಕಿನಲ್ಲಿತ್ತು. ಬಾಡಿಗೆಗೆ, ಡಾಕ್ಟರ್‌ಗೆ ಅಂತ ಅದರಲ್ಲೇ ತೆಗೆದಳು. ಆಮೇಲೆ ಆರನೆಯವನ ಮುಂಗಡದಿಂದ ಮೊದಲನೆಯವನ ಬಟ್ಟೆ ತರಿಸಿದಳು. ಹೀಗೆ ಶುರುವಾದ ಸರಪಳಿ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಚೀಟಿ ವ್ಯವಹಾರ ನೋಡಿದ ಯಾರಿಗಾದರೂ ಗೊತ್ತು.

ಗ್ರಾಹಕರ ಮೇಲ್ ಬಂದಾಗ, ನಾಳೆ ಒಳ್ಳೆ ಸುದ್ದಿ ಜೊತೆ ಉತ್ತರ ಬರೆಯೋಣ ಅಂತ ಮುಂದೂಡಿದಳು. ನಾಳೆ ಒಳ್ಳೆ ಸುದ್ದಿ ಇರಲಿಲ್ಲ. ಹನ್ನೊಂದು ವಾರ ಯಾರಿಗೂ ಒಂದು ಸಾಲು ಬರೆಯಲಿಲ್ಲ. ಒಬ್ಬ ಗ್ರಾಹಕನ ಕೊನೆಯ ಮೇಲ್‌ನಲ್ಲಿ ಇದ್ದದ್ದು ಒಂದೇ ಮಾತು: "ಬದುಕಿದ್ದೀರಾ?" ಅವನು ಹಣ ವಾಪಸ್ ಕೇಳಿದ. ಕ್ರೆಡಿಟ್ ಕಾರ್ಡ್ ಮೇಲೆ ಸಾಲ ಮಾಡಿ ಕೊಟ್ಟಳು, ತೀರಿಸೋಕೆ ಒಂದೂವರೆ ವರ್ಷ ಹಿಡಿಯಿತು.

ಈ ವ್ಯವಹಾರದಲ್ಲಿ ಗ್ರಾಹಕ ಎಷ್ಟು ಬರಿಗೈ ಅನ್ನೋದೂ ಆಗಲೇ ಅವಳಿಗೆ ಹೊಳೆದದ್ದು. ಪೇಪಾಲ್‌ನಲ್ಲಿ ಕೊಟ್ಟ ಹಣದ ಬಗ್ಗೆ ತಕರಾರು ಎತ್ತೋಕೆ ಇರುವ ಅವಧಿ 180 ದಿನ. ಕ್ಯೂ ಒಂದು ವರ್ಷದ್ದು. ಅಂದರೆ ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಗ್ರಾಹಕನ ರಕ್ಷಣೆ ಮುಗಿದಿರುತ್ತೆ. ಆಮೇಲೆ ಉಳಿಯೋದು ಇವಳ ಮಾತೊಂದೇ. ಈಗ ಅವಳು ಕ್ಯೂನಲ್ಲಿ ಹೆಸರು ಬರೆಸೋಕೆ ಸಣ್ಣ ಮೊತ್ತ ತಗೊಳ್ತಾಳೆ. ಬಟ್ಟೆ ತರಿಸುವ ತಿಂಗಳು ಬಂದಾಗಲಷ್ಟೇ ದೊಡ್ಡ ಕಂತು. ಕಂತಿನ ಹಣಕ್ಕೆ ಬೇರೆ ಖಾತೆ. ಪ್ರತಿ ತಿಂಗಳ ಒಂದನೇ ತಾರೀಖು ಕ್ಯೂನಲ್ಲಿರುವ ಎಲ್ಲರಿಗೂ ಮೇಲ್ ಹೋಗುತ್ತೆ, ಹೇಳೋಕೆ ಏನೂ ಇಲ್ಲದಿದ್ದರೂ. ಅದನ್ನು ಆಟೊಮೇಟ್ ಮಾಡಿಕೊಡ್ತೀನಿ ಅಂದಿದ್ದೆ. ಬೇಡ ಅಂದಳು. ಕೈಯಲ್ಲೇ ಬರೆಯುತ್ತಾಳೆ.

ಕತ್ತೆಕಿರುಬದ ಕಡೆ ಬರೋಣ

ಮರುದಿನ ಬೆಳಗ್ಗೆ ಕಾಫಿ ಕುಡಿಯುವಾಗ ನಾನೊಂದು ಮಾತು ಆಡಿದೆ. ಈಗ ನೆನೆದರೆ ನಾಚಿಕೆಯಾಗುತ್ತೆ. "ಫೋಟೊ ಫ್ಲಿಪ್ ಮಾಡಿ ಕಳಿಸಬಹುದಲ್ಲಾ, ಬಂದ ಮೇಲೆ ನೋಡಿಕೊಳ್ಳೋಣ" ಅಂದೆ. ಅರ್ಧ ತಮಾಷೆ, ಅರ್ಧ ನಿಜ. ಅವಳು ಉತ್ತರ ಕೊಡಲಿಲ್ಲ. ತೋಳುಗಳನ್ನು ಬಿಚ್ಚಿ ಅದಲುಬದಲು ಮಾಡಿ ಹೊಲಿದರೆ ಆಗಲ್ವಾ ಅಂತಲೂ ಕೇಳಿದೆ. ಆಗಲ್ಲ. ಒಳಗೈ ಕಡೆ ಅಡಗಿಸಿದ ಹೊಲಿಗೆ ಹೊರಗೆ ಬರುತ್ತೆ, ಮೊಣಕೈ ಮಡಿಚುವ ಕಡೆಯೂ ತಿರುಗುತ್ತೆ.

ಅವಳು ಬರೆದ ಮೇಲ್ ಓದಿದ್ದೇನೆ. ಮೊದಲ ಸಾಲಿನಲ್ಲೇ ವಿಷಯವಿತ್ತು: ನೀಲಿ ಪಟ್ಟೆ ಬಲಗೈಗೆ ಬಂದಿದೆ, ಕತ್ತರಿಸುವಾಗ ನಾನು ಡಮ್ಮಿಯ ತುಂಡುಗಳನ್ನು ತಿರುಗಿಸಿ ಇಟ್ಟದ್ದು ಕಾರಣ. ಜೊತೆಗೆ ಫೋಟೊ, ತೆಗೆದದ್ದು ತೆಗೆದ ಹಾಗೆ. ಆಮೇಲೆ ಯಾವ ತಾರೀಖಿಗೆ ಏನು ಸಾಧ್ಯ ಅಂತ ವಿವರ. ಹಾಗೇ ತಗೊಂಡರೆ 300 ಡಾಲರ್ ವಾಪಸ್. ಬದಲಾಯಿಸಬೇಕು ಅಂದರೆ ಸಮಾವೇಶಕ್ಕೆ ತಲೆ, ಕೈ, ಕಾಲು, ಬಾಲ ಮಾತ್ರ ಸಿಗುತ್ತೆ, ಮೈಭಾಗ ಫೆಬ್ರವರಿ ಕೊನೆಗೆ ನನ್ನ ಖರ್ಚಿನಲ್ಲಿ ಮನೆಗೆ ಬರುತ್ತೆ. ಕ್ಷಮಿಸಿ ಅನ್ನೋ ಪದ ಒಂದೇ ಸಲ ಇತ್ತು. ಮಣಿಕಟ್ಟು, ನಿದ್ದೆ, ಹಬ್ಬದ ರಜೆ ಯಾವುದರ ಸುದ್ದಿಯೂ ಇರಲಿಲ್ಲ.

ಎರಡು ದಿನ ಉತ್ತರ ಬರಲಿಲ್ಲ. ಆ ಎರಡು ದಿನ ಅವಳು ಅಡುಗೆಮನೆಯ ಕಪಾಟುಗಳನ್ನೆಲ್ಲಾ ತೊಳೆದಳು.

ಮೂರನೇ ದಿನ ಬಂದ ಉತ್ತರ ಉದ್ದವಾಗಿತ್ತು. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಅವನ ಎಡಗೈ ಸುಟ್ಟಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕಲೆ. ಟೆಕ್ಸಾಸ್‌ನ ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ಹಾಕಿಕೊಂಡು ಬೆಳೆದವನು. ಹದಿನಾರನೇ ವಯಸ್ಸಿನಲ್ಲಿ ಈ ಕತ್ತೆಕಿರುಬವನ್ನು ಬಿಡಿಸಿದಾಗ ಅದೇ ಜಾಗಕ್ಕೆ ನೀಲಿ ಬಣ್ಣ ಬಳಿದಿದ್ದ. "ಬೇರೆ ಏನು ತಪ್ಪಾಗಿದ್ದರೂ ಪರವಾಗಿರಲಿಲ್ಲ. ಇದು ಮಾತ್ರ ಎಡಗೈಗೇ ಬೇಕು" ಅಂತ ಬರೆದಿದ್ದ. ನಿರಾಸೆಯಾಗಿದೆ ಅಂತಲೂ ನೇರವಾಗಿ ಹೇಳಿದ್ದ.

ಅವಳು ಅದನ್ನು ಓದಿ ಬಹಳ ಹೊತ್ತು ಕೂತಿದ್ದಳು. "ಆರ್ಡರ್ ಫಾರ್ಮ್‌ನಲ್ಲಿ ನಲವತ್ತು ಪ್ರಶ್ನೆ ಕೇಳ್ತೀನಿ, ಶೂ ಸೈಜ್ ಕೂಡ ಬಿಡಲ್ಲ. ಇದನ್ನ ಕೇಳೇ ಇಲ್ಲ" ಅಂದಳು.

ಆ ಬ್ಯಾಚಿನ ಬೂದು ಬಟ್ಟೆ ಅರ್ಧ ಮೀಟರ್ ಕೂಡ ಉಳಿದಿರಲಿಲ್ಲ. ತರಿಸಿದ ಹೊಸ ಬ್ಯಾಚ್ ಒಂಚೂರು ಕಂದು ಕಡೆಗಿತ್ತು. ಒಂದು ತೋಳು ಮಾತ್ರ ಬದಲಾಯಿಸಿದ್ದರೆ ಎದ್ದು ಕಾಣ್ತಿತ್ತು. ಎರಡೂ ತೋಳನ್ನು ಹೊಸ ಬಟ್ಟೆಯಲ್ಲೇ ಮಾಡಿದಳು. ಬಣ್ಣದ ವ್ಯತ್ಯಾಸ ಎರಡು ಭುಜದಲ್ಲೂ ಒಂದೇ ಸಾಲಿಗೆ ಬಂದು, ಮೊದಲೇ ಹಾಗೆ ಯೋಚಿಸಿ ಮಾಡಿದ್ದು ಅನ್ನೋ ಹಾಗೆ ಕಂಡಿತು. ಆದರೂ ಹಳೆ ಚೂರು, ಹೊಸ ಚೂರು ಪಕ್ಕಪಕ್ಕ ಇಟ್ಟು ಬಿಸಿಲಿನಲ್ಲಿ ಫೋಟೊ ತೆಗೆದು ಕಳಿಸಿ, ಅವನು ಒಪ್ಪಿದ ಮೇಲೇ ಕತ್ತರಿ ಹಿಡಿದದ್ದು. ಬಟ್ಟೆ, ಕೊರಿಯರ್ ಎಲ್ಲಾ ಸೇರಿ ಅವಳ ಕೈಯಿಂದ ಸುಮಾರು 260 ಡಾಲರ್ ಹೋಯ್ತು. ಎರಡು ವಾರದ ದುಡಿಮೆ ಬೇರೆ. ಅದರಿಂದ ಕ್ಯೂನಲ್ಲಿ ಮುಂದಿದ್ದವರದ್ದೂ ಎರಡು ವಾರ ತಡವಾಯ್ತು. ಫೆಬ್ರವರಿ ಒಂದನೇ ತಾರೀಖಿನ ಮೇಲ್‌ನಲ್ಲಿ ಅವರಿಗೂ ಕಾರಣ ಬರೆದಳು. ಒಬ್ಬಳು ರೇಗಿದಳು, ತನ್ನದಲ್ಲದ ತಪ್ಪಿಗೆ ತಾನು ಯಾಕೆ ಕಾಯಬೇಕು ಅಂತ. ಅವಳ ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಸಮಾವೇಶದ ದಿನ ಅವನನ್ನು ನೋಡಿದೆ. ಕತ್ತೆಕಿರುಬದ ತಲೆ, ಕೈ, ಬಾಲ, ಮಧ್ಯದಲ್ಲಿ ಜೀನ್ಸ್ ಮತ್ತು ತುಂಬು ತೋಳಿನ ಚೌಕಳಿ ಅಂಗಿ. ಪುಟ್ಟ ಮಗುವೊಂದು ಬಾಲ ಹಿಡಿದು ಎಳೆಯುತ್ತಿತ್ತು. ನನ್ನ ಹೌಸ್‌ಮೇಟ್ ದೂರದಲ್ಲೇ ನಿಂತಿದ್ದಳು. ಅವನೇ ಬಂದು ತಲೆ ತೆಗೆದು, ಬೆವರು ಒರೆಸಿಕೊಂಡು, ಒಳಗೆ ಎಡಗಡೆ ಫೋಮ್ ಕಿವಿಗೆ ಒತ್ತುತ್ತಿದೆ ಅಂದ. ಅಲ್ಲೇ ನೆಲದ ಮೇಲೆ ಕೂತು ಉಗುರು ಕತ್ತರಿಯಿಂದ ಅದನ್ನು ಕೆತ್ತಿ ಕೊಟ್ಟಳು. ಪಟ್ಟೆಯ ಮಾತು ಇಬ್ಬರೂ ಎತ್ತಲಿಲ್ಲ.

ಆರ್ಡರ್ ಫಾರ್ಮ್‌ಗೆ ಈಗ ಎರಡು ಸೇರಿಕೆಯಾಗಿದೆ. ಒಂದು ಪ್ರಶ್ನೆ: ಈ ಪಾತ್ರದಲ್ಲಿ ಯಾವುದು ತಪ್ಪಿದರೆ ನಿಮಗೆ ನಿಜವಾಗಿ ನೋವಾಗುತ್ತೆ? ಜನ ಬರೆಯುವ ಉತ್ತರ ಓದಬೇಕು. ತೀರಿಹೋದ ನಾಯಿಯ ಕಣ್ಣಿನ ಬಣ್ಣ, ಅಜ್ಜಿಯ ಸ್ವೆಟರಿನ ಹಸಿರು. ಕೆಲವರು "ಏನೂ ಇಲ್ಲ, ನಿಮ್ಮಿಷ್ಟ" ಅಂತ ಬರೆಯುತ್ತಾರೆ. ಅಂಥವರಿಗೆ ಅವಳು ಒಂದು ಸಲ ಫೋನ್ ಮಾಡುತ್ತಾಳೆ.

ಇನ್ನೊಂದು, ಡಮ್ಮಿ ಕಳಿಸುವ ಮೊದಲು ಎಡಗೈ ಮೇಲೆ ಕೆಂಪು ಮಾರ್ಕರ್‌ನಿಂದ 'ಎಡ' ಅಂತ ದೊಡ್ಡದಾಗಿ ಬರೆಯಿರಿ ಅನ್ನೋ ಸೂಚನೆ. ಕಳೆದ ವಾರ ಬಂದ ಡಮ್ಮಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿದರೆ ಎರಡೂ ಕೈ ಮೇಲೆ 'ಎಡ' ಅಂತ ಬರೆದಿತ್ತು. ಅವಳು ಫೋನ್ ಕೈಗೆತ್ತಿಕೊಂಡಳು.